ಸಭಾಭವನದ ಕೊನೆಯ ಸಾಲಿಗೂ ಮಾತು ತಿಳಿಯಲಿ

ಮಾನ್ಯ ಸಂಪಾದಕರೇ,

ನಮ್ಮ ವಿಜಯಪುರ ಜಿಲ್ಲೆಯ ಊರೂರಿನಲ್ಲೂ ಈಗ ಸಮುದಾಯ ಭವನ, ಸಭಾಭವನ, ಕಲ್ಯಾಣ ಮಂಟಪಗಳು ತಲೆ ಎತ್ತುತ್ತಿವೆ. ಇಂಥ ಕಟ್ಟಡಗಳ ಅಂದಾಜು ಪಟ್ಟಿಯಲ್ಲಿ ಧ್ವನಿ ವ್ಯವಸ್ಥೆಗೆಂದು ಒಂದು ಬಾಬತ್ತು ಇದ್ದೇ ಇರುತ್ತದೆ. ಅದರಲ್ಲಿ ಇಷ್ಟು ವ್ಯಾಟ್‌ನ ಆಂಪ್ಲಿಫೈಯರ್, ಇಷ್ಟು ಸ್ಪೀಕರ್, ಇಷ್ಟು ಮೈಕ್ ಎಂದು ನಮೂದಿಸಿರುತ್ತಾರೆಯೇ ಹೊರತು, ವೇದಿಕೆಯ ಮೇಲೆ ಆಡಿದ ಮಾತು ಕೊನೆಯ ಸಾಲಿನಲ್ಲಿ ಕುಳಿತವರಿಗೆ ತಿಳಿಯಬೇಕೆಂಬ ಷರತ್ತನ್ನು ನಾನು ನೋಡಿದ ಯಾವ ಪಟ್ಟಿಯಲ್ಲೂ ಕಂಡಿಲ್ಲ. ಮಾತಿನ ಸ್ಪಷ್ಟತೆಯನ್ನು ಅಳೆಯಲು ಬರುತ್ತದೆ, ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಸಾರ್ವಜನಿಕ ಹಣದಲ್ಲಿ ಕಟ್ಟುವ ಪ್ರತಿಯೊಂದು ಸಭಾಭವನದ ಟೆಂಡರಿನಲ್ಲಿ ಆ ಅಳತೆಯನ್ನು ಸೇರಿಸಬೇಕು, ಅಳೆದು ನೋಡಿದ ಮೇಲೆಯೇ ಬಿಲ್ಲು ಪಾವತಿಸಬೇಕು ಎಂದು ಜಿಲ್ಲಾಡಳಿತವನ್ನೂ ಸ್ಥಳೀಯ ಸಂಸ್ಥೆಗಳನ್ನೂ ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತಿದ್ದೇನೆ.

ಇದು ಶೋಕಿಯ ಮಾತಲ್ಲ. ಇತ್ತೀಚೆಗೆ ಅಂಥದೊಂದು ಹೊಸ ಭವನದಲ್ಲಿ ರೈತರ ಸಭೆ ನಡೆಯಿತು. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಸ್ಪೀಕರುಗಳಿದ್ದವು, ಸದ್ದಿಗೇನೂ ಕೊರತೆ ಇರಲಿಲ್ಲ. ಆದರೆ ಅಧಿಕಾರಿಗಳು ಹೇಳುತ್ತಿದ್ದದ್ದು ಬೆಳೆ ವಿಮೆಯ ವಿಷಯವೋ ಬೆಂಬಲ ಬೆಲೆಯ ವಿಷಯವೋ ಎಂಬುದೇ ಹಿಂದಿನ ಅರ್ಧ ಭವನಕ್ಕೆ ತಿಳಿಯಲಿಲ್ಲ. ನನ್ನ ಪಕ್ಕದ ಹಿರಿಯರು ಪ್ರತಿ ವಾಕ್ಯಕ್ಕೂ 'ಏನಂದ್ರ್ಯಪಾ ಈಗ?' ಎಂದು ಮುಂದಿನವರ ಭುಜ ತಟ್ಟಿ ಕೇಳುತ್ತಿದ್ದರು, ಮುಂದಿನವರಿಗೂ ಗೊತ್ತಾಗಿರಲಿಲ್ಲ. ಮಾತು ತಿಳಿಯುತ್ತಿಲ್ಲವೆಂದು ಯಾರೋ ಎದ್ದು ಹೇಳಿದಾಗ ಮೈಕಿನವರು ಸದ್ದು ಹೆಚ್ಚಿಸಿದರು, ಮೈಕ್ ಶಿಳ್ಳೆ ಹೊಡೆಯಿತು, ಮಾತು ಮತ್ತಷ್ಟು ಕಲಸಿಹೋಯಿತು. ಅರ್ಜಿ ಕೊಡಬೇಕಾದ ಕೊನೆಯ ದಿನಾಂಕವನ್ನು ರೈತರು ಸಭೆ ಮುಗಿದ ಮೇಲೆ ಹೊರಗೆ ಚಹಾ ಅಂಗಡಿಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿ ತಿಳಿದುಕೊಂಡರು.

ಸದ್ದು ಹೆಚ್ಚಿಸಿದರೆ ಮಾತು ಏಕೆ ತಿಳಿಯುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ನಮ್ಮ ಮಾತಿನ ಶಕ್ತಿಯ ಬಹುಪಾಲು ಇರುವುದು ಸ್ವರಗಳಲ್ಲಿ, ಅದೂ ಹೆಚ್ಚಾಗಿ ಸೆಕೆಂಡಿಗೆ 1000 ಕಂಪನ, ಅಂದರೆ 1000 ಹರ್ಟ್ಸ್‌ಗಿಂತ ಕೆಳಗೆ. ಅರ್ಥವನ್ನು ಬೇರ್ಪಡಿಸುವ ವ್ಯಂಜನಗಳ ಗುರುತುಗಳೋ ಹೆಚ್ಚಾಗಿ 1000ದಿಂದ 4000 ಹರ್ಟ್ಸ್ ನಡುವೆ ಇರುತ್ತವೆ, ಸಕಾರ ಶಕಾರಗಳದು ಇನ್ನೂ ಮೇಲೆ. ಗಟ್ಟಿ ಸ್ವರಕ್ಕೂ ಮೆಲುವಾದ ವ್ಯಂಜನಕ್ಕೂ 20 ಡೆಸಿಬಲ್‌ಗಿಂತ ಹೆಚ್ಚಿನ, ಅಂದರೆ ಶಕ್ತಿಯಲ್ಲಿ ನೂರು ಪಟ್ಟು ಮೀರಿದ, ಅಂತರವಿರುತ್ತದೆ. ಸಾಲ, ಕಾಲ, ಪಾಲ ಎಂಬಲ್ಲಿ ಮೊದಲ ವ್ಯಂಜನದ ಆ ಚಿಕ್ಕ ಕ್ಷಣ ಕಳೆದುಹೋದರೆ ಉಳಿಯುವುದು ಒಂದೇ 'ಆಲ'. ಬೆಳೆ ಮತ್ತು ಬೆಲೆಗಳ ನಡುವಿನ ವ್ಯತ್ಯಾಸವಂತೂ ಇನ್ನೂ ಸೂಕ್ಷ್ಮವಾದದ್ದು: ನಾಲಿಗೆ ಹಿಂದಕ್ಕೆ ಮಡಿಚಿದಾಗ ಧ್ವನಿಯ ಮೂರನೆಯ ಅನುನಾದ ಪಟ್ಟಿ (ಬಾಯಿಯ ಆಕಾರದಿಂದ ಎದ್ದು ಕೇಳುವ ಆವೃತ್ತಿಗಳಲ್ಲಿ ಕೆಳಗಿನಿಂದ ಮೂರನೆಯದು) ಕೆಳಕ್ಕಿಳಿಯುತ್ತದೆ, ಕಿವಿ ಅದನ್ನೇ ಹಿಡಿದು ಳಕಾರವನ್ನು ಗುರುತಿಸುತ್ತದೆ. ಭವನದ ಗೋಡೆಗಳ ನಡುವೆ ಸುತ್ತುತ್ತಲೇ ಇರುವ ಹಿಂದಿನ ಸ್ವರದ ಬಾಲವು ಮುಂದಿನ ವ್ಯಂಜನವನ್ನು ಮುಚ್ಚಿಬಿಟ್ಟರೆ ಈ ಗುರುತುಗಳು ಅಳಿಸಿಹೋಗುತ್ತವೆ. ಸದ್ದು ಹೆಚ್ಚಿಸಿದಾಗ ಮಾತಿನ ಜೊತೆಗೆ ಆ ಬಾಲವೂ ಅಷ್ಟೇ ಹೆಚ್ಚುತ್ತದೆ.

ಕಟ್ಟಡವು ಧ್ವನಿಯನ್ನು ಏನು ಮಾಡಬಲ್ಲದು ಎಂಬುದನ್ನು ವಿಜಯಪುರದವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದ ಮೇಲಿನ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಎದುರಿನ ಗೋಡೆಗೆ ಹೋಗಿ ಮರಳುವುದಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ, ಆದ್ದರಿಂದ ಅದು ಬೇರೆಯೇ ಚಪ್ಪಾಳೆಯಾಗಿ ಕೇಳುತ್ತದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಬಾಗಿದ ಗೋಡೆಯ ಉದ್ದಕ್ಕೂ ಸಾಗಿ ಎದುರು ಬದಿಯಲ್ಲಿ ಕೇಳುತ್ತದೆ. ಸರ್ ಸಿ.ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲಿ ಪಿಸುಮಾತಿನ ಗ್ಯಾಲರಿಗಳ ಮೇಲೆ ಸಂಶೋಧನೆ ನಡೆಸಿದಾಗ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಜೊತೆಗೆ ನಮ್ಮ ಗುಮ್ಮಟವನ್ನೂ ಗಮನಿಸಿದ್ದರು. ಗೋರಿಯ ಮೇಲಿನ ಗುಮ್ಮಟಕ್ಕೆ ಅದು ಶೋಭೆ. ತಾಲೂಕು ಕೇಂದ್ರದ ಸಭಾಭವನವೂ ಅದೇ ಗುಣವನ್ನು ಬೆಳೆಸಿಕೊಂಡರೆ ಅಲ್ಲಿ ಸಭೆ ನಡೆಸುವುದು ಕಷ್ಟ.

ಸಭಾಭವನದಲ್ಲಿ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಕಟ್ಟುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠವೇ ಕೇಳುತ್ತಿಲ್ಲವೆಂಬ ದೂರು ಬಂದಾಗ, ವ್ಯಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕರು ಪಕ್ಕದ ರಂಗಮಂದಿರದ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹರಡಿ, ದಿಂಬು ಹೆಚ್ಚಿದಂತೆ ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಅವರು ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಳಗಿನ ಒಟ್ಟು ಹೀರುವಿಕೆಯಿಂದ (ಪ್ರತಿ ಮೇಲ್ಮೈಯ ವಿಸ್ತೀರ್ಣವನ್ನು ಅದು ಹೀರುವ ಸದ್ದಿನ ಪಾಲಿನಿಂದ ಗುಣಿಸಿ ಕೂಡಿದ ಮೊತ್ತದಿಂದ) ಭಾಗಿಸಿದರೆ ಸದ್ದು 60 ಡೆಸಿಬಲ್ ಇಳಿಯಲು ಬೇಕಾಗುವ ಸೆಕೆಂಡುಗಳು ಸಿಗುತ್ತವೆ. 30 ಮೀಟರ್ ಉದ್ದ, 18 ಮೀಟರ್ ಅಗಲ, 7 ಮೀಟರ್ ಎತ್ತರದ, ಗಿಲಾಯಿ ಗೋಡೆ, ಟೈಲ್ಸ್ ನೆಲ, ಪ್ಲಾಸ್ಟರ್ ಛಾವಣಿಯ ಭವನವನ್ನು ತೆಗೆದುಕೊಳ್ಳೋಣ. ಮೇಲ್ಮೈಗಳೆಲ್ಲ ಸರಾಸರಿ ನೂರಕ್ಕೆ ಐದು ಪಾಲು ಸದ್ದು ಹೀರುತ್ತವೆ ಎಂದು ಹಿಡಿದರೂ ಖಾಲಿ ಭವನದಲ್ಲಿ ಅನುರಣನ, ಅಂದರೆ ಸದ್ದು ಹೀಗೆ ಅಡಗಲು ಹಿಡಿಯುವ ಸಮಯ, ಸುಮಾರು 7 ಸೆಕೆಂಡ್ ಆಗುತ್ತದೆ. 150 ಜನ ಬಂದು ಕುಳಿತರೆ ಸುಮಾರು 3.7 ಸೆಕೆಂಡಿಗೆ ಇಳಿಯುತ್ತದೆ. ಮಾತಿಗೆ ಬೇಕಾದದ್ದು ಒಂದು ಸೆಕೆಂಡಿನ ಆಸುಪಾಸು. ಅದೇ ಭವನದ ಛಾವಣಿಗೆ ಸದ್ದು ಹೀರುವ ಹಲಗೆಗಳನ್ನು ಹೊದಿಸಿದರೆ ಅಷ್ಟೇ ಜನರಿದ್ದಾಗ ಅನುರಣನ 1.2 ಸೆಕೆಂಡಿಗೆ ಬರುತ್ತದೆ. ಇದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ. ರಂಧ್ರವಿರುವ ಹಲಗೆಯ ಹಿಂದೆ ಗಾಜಿನ ಉಣ್ಣೆ, ಹಿಂಬದಿಯ ಗೋಡೆಗೆ ದಪ್ಪ ಪರದೆ, ಬಟ್ಟೆ ಹೊದಿಸಿದ ಕುರ್ಚಿ ಇದ್ದರೆ ಸಾಕು. ಛಾವಣಿಗೆ ಹೂಬಳ್ಳಿಯ ಪಿಒಪಿ ಅಲಂಕಾರ ಮಾಡಿಸುವ ಹಣದ ಒಂದು ಭಾಗವನ್ನು ಇತ್ತ ತಿರುಗಿಸಬಹುದಲ್ಲವೇ?

ಎರಡನೆಯ ಮಾತು ಸ್ಪೀಕರುಗಳನ್ನು ಇಡುವ ಬಗೆಯದು. ವೇದಿಕೆಯ ಪಕ್ಕದಲ್ಲಿ ಎರಡು ದೈತ್ಯ ಪೆಟ್ಟಿಗೆಗಳನ್ನು ನಿಲ್ಲಿಸಿ ಅಲ್ಲಿಂದಲೇ 30 ಮೀಟರ್ ದೂರಕ್ಕೆ ಸದ್ದು ಮುಟ್ಟಿಸುವ ಪದ್ಧತಿಯಲ್ಲಿ ಮುಂದಿನ ಸಾಲಿನವರ ಕಿವಿ ಗುಂಯ್‌ಗುಡುತ್ತದೆ, ಹಿಂದಿನವರಿಗೆ ನೇರ ಧ್ವನಿಗಿಂತ ಗೋಡೆಯಿಂದ ಮರಳಿದ ಧ್ವನಿಯೇ ಹೆಚ್ಚಾಗಿ ತಲುಪುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುವುದು ನಿಯಮ. ಅದನ್ನು ಆಂಪ್ಲಿಫೈಯರಿನ ವ್ಯಾಟ್ ಹೆಚ್ಚಿಸಿ ತುಂಬಲು ಹೊರಟರೆ ವ್ಯಾಟ್ ಹತ್ತು ಪಟ್ಟಾದಾಗ ಸಿಗುವುದು ಬರೀ 10 ಡೆಸಿಬಲ್. ಬದಲಾಗಿ ಸಣ್ಣ ಸ್ಪೀಕರುಗಳನ್ನು ಒಂದರ ಮೇಲೊಂದು ಜೋಡಿಸಿದ ತೆಳುವಾದ ಕಾಲಂ ಸ್ಪೀಕರುಗಳನ್ನು ಭವನದ ಉದ್ದಕ್ಕೂ ಹಂಚಿ, ಜನರ ತಲೆಗಳತ್ತ ಬಾಗಿಸಿ, ಪ್ರತಿಯೊಂದನ್ನೂ ಸಣ್ಣ ಸದ್ದಿನಲ್ಲಿ ನಡೆಸಿದರೆ ಗೋಡೆ, ಛಾವಣಿಗಳಿಗೆ ಹೋಗುವ ಶಕ್ತಿ ಕಡಿಮೆಯಾಗುತ್ತದೆ.

ಆದರೆ ಹೀಗೆ ಹಂಚಿದಾಗ ವಿಳಂಬವನ್ನು ಹೊಂದಿಸಲೇಬೇಕು, ಇದನ್ನು ನಮ್ಮಲ್ಲಿ ಬಹುತೇಕ ಯಾರೂ ಮಾಡುವುದಿಲ್ಲ. ನಮ್ಮ ಸೆಕೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ವೇದಿಕೆಯಿಂದ 20 ಮೀಟರ್ ಹಿಂದೆ ಇರುವ ಸ್ಪೀಕರಿಗೆ ತಂತಿಯಲ್ಲಿ ಮಾತು ಆ ಕ್ಷಣವೇ ಮುಟ್ಟುತ್ತದೆ, ವೇದಿಕೆಯ ಸದ್ದು ಗಾಳಿಯಲ್ಲಿ ಬರಲು 57 ಮಿಲಿಸೆಕೆಂಡ್ ತಡವಾಗುತ್ತದೆ. ಅಲ್ಲಿ ಕುಳಿತವರಿಗೆ ಪ್ರತಿ ಪದವೂ ಎರಡೆರಡು ಸಲ ಕೇಳುತ್ತದೆ. ಹಿಂದಿನ ಸ್ಪೀಕರನ್ನು ಅಷ್ಟು ಮಿಲಿಸೆಕೆಂಡ್ ಮತ್ತು ಮೇಲೆ ಹತ್ತು ಹದಿನೈದು ಮಿಲಿಸೆಕೆಂಡ್ ತಡೆದು ಬಿಟ್ಟರೆ, ಮೊದಲು ಬಂದ ಸದ್ದಿನ ದಿಕ್ಕನ್ನೇ ಕಿವಿ ನಂಬುವುದರಿಂದ, ಮಾತು ಭಾಷಣಕಾರರ ಬಾಯಿಂದಲೇ ಬಂದಂತೆ ಅನಿಸುತ್ತದೆ. ಹತ್ತಿರದ ಸ್ಪೀಕರು ಅದಕ್ಕೆ ಬಲ ಕೊಡುತ್ತದೆಯೇ ಹೊರತು ತಾನು ಇರುವುದನ್ನು ತೋರಿಸಿಕೊಳ್ಳುವುದಿಲ್ಲ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಷ್ಟು ಹಿಂದೆಯೇ ತಮ್ಮ ಸಂಶೋಧನಾ ಪ್ರಬಂಧದಲ್ಲಿ ವಿವರಿಸಿದ ಸಂಗತಿ ಇದು. ಮೈಕುಗಳ ಸದ್ದನ್ನು ಬೆರೆಸಿ ಹೊಂದಿಸುವ ಇಂದಿನ ಸಾಧಾರಣ ಡಿಜಿಟಲ್ ಮಿಕ್ಸರಿನಲ್ಲೂ ಈ ಸೌಲಭ್ಯವಿದೆ, ಒಂದು ಟೇಪು ಹಿಡಿದು ದೂರ ಅಳೆದು ಅಂಕಿ ತುಂಬಿದರಾಯಿತು.

ನಮ್ಮ ಮೈಕಿನವರ ಬಗ್ಗೆಯೂ ಎರಡು ಮಾತು ಹೇಳದೆ ಹೋದರೆ ಪತ್ರ ಪೂರ್ತಿಯಾಗದು. ಅವರು ಕಷ್ಟಜೀವಿಗಳು, ಬಿಸಿಲು ಮಳೆ ಎನ್ನದೆ ಕಂಬ ಹತ್ತುವವರು, ಅವರನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಆದರೂ ಅಧ್ಯಕ್ಷರು ಮೈಕಿನ ಮುಂದೆ ಬಂದೊಡನೆ ಮಿಕ್ಸರಿನ 'ಎಕೋ' ಗುಂಡಿಯನ್ನು ತಿರುವಿ 'ಮಾನ್ಯರೇ... ಮಾನ್ಯರೇ... ನ್ಯರೇ' ಎನ್ನಿಸುವ ಹವ್ಯಾಸ ಎಲ್ಲಿಂದ ಬಂತೋ ತಿಳಿಯದು. ಹಾಡಿಗೆ ಮಿತವಾಗಿ ಒಪ್ಪುವ ಆ ಮೆರುಗನ್ನು, ಮೊದಲೇ ಅನುರಣಿಸುವ ಭವನದಲ್ಲಿ ಭಾಷಣಕ್ಕೆ ಬೆರೆಸಿದರೆ ಮಾತು ಕೆಡುವುದು ಖಂಡಿತ. ಇನ್ನೊಂದು, ವೇದಿಕೆಯ ಮೇಲಿನ ಹತ್ತೂ ಮೈಕುಗಳನ್ನು ಒಟ್ಟಿಗೆ ತೆರೆದಿಡುವುದು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಶಿಳ್ಳೆ ಬರುವ ಮೊದಲು ಏರಿಸಬಹುದಾದ ಸದ್ದು 3 ಡೆಸಿಬಲ್ ಕಡಿಮೆಯಾಗುತ್ತದೆ. ಭಾಷಣಕಾರರೂ ಮೈಕನ್ನು ಎದೆಯ ಮಟ್ಟದಲ್ಲಿ ಹಿಡಿಯದೆ ಬಾಯಿಯ ಹತ್ತಿರ ತಂದರೆ, ಅಂತರ ಅರ್ಧವಾದಾಗ 6 ಡೆಸಿಬಲ್ ಪುಕ್ಕಟೆಯಾಗಿ ದಕ್ಕುತ್ತದೆ.

ಈಗ ಯಂತ್ರಗಳು ಧ್ವನಿಯನ್ನು ತಾವೇ ಶುದ್ಧ ಮಾಡಿಕೊಡುತ್ತವೆ, ಇಷ್ಟೆಲ್ಲ ತಲೆಬಿಸಿ ಯಾಕೆ ಎಂದು ಕೆಲವರು ಕೇಳಬಹುದು. ಧ್ವನಿ ಸಂಸ್ಕರಣೆ ನಿಜವಾಗಿಯೂ ಬಹಳ ಮುಂದೆ ಹೋಗಿದೆ. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಕತ್ತರಿಸುವ ಫಿಲ್ಟರ್, ಶಿಳ್ಳೆ ಹೊಡೆಯುವ ಆವೃತ್ತಿಯನ್ನು ಮಾತ್ರ ಹುಡುಕಿ ತಗ್ಗಿಸುವ ಈಕ್ವಲೈಜರ್, ಕೂಗುವವರ ದನಿಯನ್ನೂ ಮೆಲ್ಲಗೆ ಮಾತನಾಡುವವರ ದನಿಯನ್ನೂ ಒಂದು ಮಟ್ಟಕ್ಕೆ ತರುವ ಕಂಪ್ರೆಸರ್ ಇವು ಮೂರೂ ಇಂದು ಕೈಗೆಟಕುವ ಬೆಲೆಗೆ ಸಿಗುತ್ತವೆ. ಹಿನ್ನೆಲೆಯ ಗದ್ದಲವನ್ನು ಕಳೆಯುವ ವಿಧಾನಗಳು 1970ರ ದಶಕದಿಂದಲೂ ಬೆಳೆಯುತ್ತ ಬಂದಿವೆ. ಮೌನದ ಕ್ಷಣಗಳಲ್ಲಿ ಫ್ಯಾನಿನ ಸದ್ದಿನ ಸ್ವರೂಪವನ್ನು ಗುರುತಿಸಿಕೊಂಡು ಅದನ್ನು ಇಡೀ ಧ್ವನಿಯಿಂದ ಕಳೆಯುವುದು ಹಳೆಯ ಕ್ರಮ; ಸಾವಿರಾರು ಗಂಟೆಗಳ ಮಾತು ಮತ್ತು ಗದ್ದಲವನ್ನು ಕೇಳಿ ಕಲಿತ ಕೃತಕ ನರಜಾಲಗಳು (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಕಾರ್ಯಕ್ರಮಗಳು) ಮಾತನ್ನು ಬೇರ್ಪಡಿಸುವುದು ಹೊಸ ಕ್ರಮ. ಮೊಬೈಲಿನ ಎರಡು ಮೂರು ಮೈಕುಗಳು ಒಟ್ಟುಗೂಡಿ ಬಾಯಿಯ ದಿಕ್ಕಿನ ಸದ್ದನ್ನು ಮಾತ್ರ ಎತ್ತಿಕೊಳ್ಳುವುದೂ ಇದರ ಭಾಗವೇ. ಗ್ರಾಮಸಭೆಯ ನೇರ ಪ್ರಸಾರಕ್ಕೆ, ಧ್ವನಿಮುದ್ರಿಕೆಯಿಂದ ನಡಾವಳಿ ಬರೆಯುವುದಕ್ಕೆ ಇವೆಲ್ಲ ಉಪಯುಕ್ತ.

ಆದರೆ ಇವುಗಳಿಗೆ ಎರಡು ಮಿತಿಗಳಿವೆ. ಅತಿಯಾಗಿ ಬಳಸಿದರೆ ಗದ್ದಲದ ಜೊತೆಗೆ ಸಕಾರ, ತಕಾರಗಳಂಥ ಮೆಲು ವ್ಯಂಜನಗಳನ್ನೂ ಅವು ನುಂಗುತ್ತವೆ. ಕೇಳಲು ಹಿತವೆನಿಸಿದರೂ ಮಾತು ತಿಳಿಯುವುದು ಕಡಿಮೆಯಾಗುತ್ತದೆ. ಹೆಚ್ಚು ಮುಖ್ಯವಾದದ್ದು ಇದು: ಮೈಕಿಗೆ ಬರುವ ಧ್ವನಿಯನ್ನು ಎಷ್ಟೇ ಶುದ್ಧ ಮಾಡಿದರೂ, ಸ್ಪೀಕರಿನಿಂದ ಹೊರಬಿದ್ದ ಮೇಲೆ ಅದು ಗೋಡೆಯಿಂದ ಗೋಡೆಗೆ ಓಡಾಡುವುದನ್ನು ಯಾವ ಪೆಟ್ಟಿಗೆಯೂ ತಡೆಯಲಾರದು. ಕಟ್ಟಡದ ದೋಷಕ್ಕೆ ಔಷಧ ಕಟ್ಟಡದಲ್ಲೇ ಆಗಬೇಕು. ಧ್ವನಿ ವ್ಯವಸ್ಥೆಯ ಮಾರಾಟಗಾರರು ಇದನ್ನು ಒತ್ತಿ ಹೇಳುವುದನ್ನು ನಾನಂತೂ ಕೇಳಿಲ್ಲ.

ಸುತ್ತುವರಿಯುವ ಧ್ವನಿ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾ ಮಂದಿರ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ವ್ಯವಸ್ಥೆಯಲ್ಲಿ ತಲೆಯ ಮೇಲೂ ಸ್ಪೀಕರುಗಳಿರುತ್ತವೆ. ಏಕಕಾಲಕ್ಕೆ 128ರವರೆಗೆ ಧ್ವನಿ ಎಳೆಗಳನ್ನು ಇಟ್ಟುಕೊಂಡು, ಮಳೆಹನಿಯೋ ಹಕ್ಕಿಯೋ ಕೋಣೆಯ ಯಾವ ಮೂಲೆಯಿಂದ ಕೇಳಬೇಕೆಂದು ನಿರ್ದೇಶಿಸಬಹುದು. ಮೋಜಿನ ಆಚೆಗೂ ಇದಕ್ಕೆ ಬೆಲೆಯಿದೆ. ಸದ್ದು ಒಂದು ಕಿವಿಗಿಂತ ಇನ್ನೊಂದು ಕಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ ಬಂದರೂ ಮಿದುಳು ಅದರಿಂದ ದಿಕ್ಕನ್ನು ಅರಿಯುತ್ತದೆ. ಗದ್ದಲ ಒಂದು ದಿಕ್ಕಿನಿಂದ, ಮಾತು ಇನ್ನೊಂದು ದಿಕ್ಕಿನಿಂದ ಬಂದರೆ ಮಾತನ್ನು ಆರಿಸಿಕೊಳ್ಳುವುದು ಸುಲಭವಾಗುತ್ತದೆ. ಸಂತೆಯ ಗದ್ದಲದಲ್ಲೂ ಎದುರಿಗಿರುವವರ ಮಾತನ್ನು ಹಿಡಿಯುವ ಈ ಶಕ್ತಿಯನ್ನು ಕಾಲಿನ್ ಚೆರ್ರಿ ಎಂಬುವರು 1953ರಲ್ಲಿ ಪ್ರಯೋಗಗಳಿಂದ ವಿವರಿಸಿದರು. ಎಲ್ಲ ಸದ್ದನ್ನೂ ಒಂದೇ ಪೆಟ್ಟಿಗೆಯಿಂದ ಸುರಿದರೆ ಆ ಸಹಾಯ ತಪ್ಪಿಹೋಗುತ್ತದೆ. ಮನೆಯ ಟಿವಿಯಲ್ಲಿ ಸಿನಿಮಾ ನೋಡುವಾಗ ಸಂಭಾಷಣೆ ಹಿನ್ನೆಲೆ ಸಂಗೀತದಲ್ಲಿ ಮುಳುಗುವುದಕ್ಕೆ ಇದೂ ಒಂದು ಕಾರಣ: ಮಂದಿರದಲ್ಲಿ ಮಾತಿಗೆಂದೇ ಪರದೆಯ ಹಿಂದೆ ಇರುವ ನಡುವಿನ ಸ್ಪೀಕರಿನ ಪಾಲು ಟಿವಿಯ ಎರಡು ಸಣ್ಣ ಸ್ಪೀಕರುಗಳಲ್ಲಿ ಉಳಿದೆಲ್ಲದರೊಂದಿಗೆ ಕಲೆತುಹೋಗುತ್ತದೆ.

ಒಂದೇ ಸದ್ದು ಬೇರೆಬೇರೆ ಹೊತ್ತಿಗೆ ತಲುಪುವುದರ ಪರಿಣಾಮವನ್ನು ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಲ್ಲಿ ಇನ್ನೊಂದು ಬಗೆಯಲ್ಲಿ ಕಾಣಬಹುದು. ರಂಗದ ಮೇಲೆ ಸಾಲಾಗಿ ತೂಗುಬಿಟ್ಟ ಮೈಕುಗಳ ಕೆಳಗೆ ಬಂದು ನಿಂತು ನಟರು ಮಾತು ಒಪ್ಪಿಸುತ್ತಾರೆ. ನಟರು ಎರಡು ಮೈಕುಗಳ ನಡುವೆ ನಿಂತರೆ ಒಂದೇ ಮಾತು ಎರಡರಲ್ಲೂ ಚೂರು ಹೆಚ್ಚುಕಡಿಮೆ ಹೊತ್ತಿಗೆ ಸೇರಿ, ಕೆಲವು ಆವೃತ್ತಿಗಳು ಒಂದನ್ನೊಂದು ಅಳಿಸಿ, ದನಿ ಟೊಳ್ಳಾಗುತ್ತದೆ. ನುರಿತ ನಟರು ಯಾವ ಮೈಕಿನ ಕೆಳಗೆ ನಿಂತು ಯಾವ ಮಾತು ಹೇಳಬೇಕೆಂದು ಅನುಭವದಿಂದಲೇ ಬಲ್ಲರು. ತಗಡಿನ ಥಿಯೇಟರಿನಲ್ಲಿ ಹಾಸ್ಯದ ಮಾತೊಂದು ಕೊನೆಯ ಸಾಲಿಗೂ ತಲುಪಿ ನಗೆ ಏಳುವುದಕ್ಕೆ ಅವರ ಉಚ್ಚಾರಣೆಯ ಬಿಗಿಯೂ ಕಾರಣ. ಆ ಶಿಸ್ತಿನಲ್ಲಿ ಅರ್ಧದಷ್ಟಾದರೂ ನಮ್ಮ ವೇದಿಕೆಯ ಗಣ್ಯರಲ್ಲಿದ್ದರೆ ಎಷ್ಟು ಚೆನ್ನಾಗಿತ್ತು.

ಹಿನ್ನೆಲೆಯ ಸದ್ದನ್ನು ಇಳಿಸುವುದು ಮಾತನ್ನು ಏರಿಸುವುದಕ್ಕಿಂತ ಅಗ್ಗ. ನಮ್ಮ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರ ದನಿ ಎಷ್ಟು ಮೆಲುವಾಗಿತ್ತೆಂದು ಈ ಭಾಗದವರೆಲ್ಲ ಬಲ್ಲರು. ಸಾವಿರಾರು ಜನ ಸೇರಿದ ಪ್ರವಚನದಲ್ಲೂ ಅದು ಕೇಳುತ್ತಿದ್ದದ್ದು ಸಭೆ ನಿಶ್ಶಬ್ದವಾಗಿರುತ್ತಿದ್ದುದರಿಂದ. ಗದ್ದಲಕ್ಕಿಂತ ಮಾತು 15 ಡೆಸಿಬಲ್‌ನಷ್ಟು ಮೇಲಿದ್ದರೆ ಹೆಚ್ಚಿನವರಿಗೆ ತೊಂದರೆಯಾಗದು. ನಮ್ಮ ಭವನಗಳಲ್ಲಿ ಗಡಗಡಿಸುವ ಫ್ಯಾನುಗಳು, ಕಿಟಕಿಗೆ ಕೂರಿಸಿದ ಕೂಲರುಗಳು, ಪಕ್ಕದಲ್ಲೇ ಹೊಗೆಯುಗುಳುವ ಜನರೇಟರು ಸೇರಿ ಆ ಅಂತರವನ್ನು ತಿಂದುಹಾಕುತ್ತವೆ. ಸದ್ದಿನ ಮಿತಿಯ ಕಾನೂನೂ ನಮ್ಮಲ್ಲಿದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಮೆರವಣಿಗೆಯ 'ಡಾಲ್ಬಿ' ಎಂದು ಕರೆಯುವ ಡಿಜೆ ಸ್ಪೀಕರುಗಳ ವಿಷಯ ಬೇರೆ ಪತ್ರಕ್ಕಿರಲಿ. ಸಭಾಭವನದ ಮಟ್ಟಿಗೆ ಹೇಳುವುದಾದರೆ, ಸ್ಪೀಕರುಗಳನ್ನು ಹಂಚಿ ನಡೆಸುವ ಪದ್ಧತಿಯಿಂದ ಒಳಗಿನವರಿಗೆ ಮಾತು ತಿಳಿಯುವುದರ ಜೊತೆಗೆ ಅಕ್ಕಪಕ್ಕದ ಮನೆಗಳಿಗೆ ತಲುಪುವ ಸದ್ದೂ ಇಳಿಯುತ್ತದೆ.

ಶ್ರವಣ ಸಾಧನ ಹಾಕಿಕೊಳ್ಳುವ ಹಿರಿಯರನ್ನೂ ಮರೆಯಬಾರದು. ಅವರ ಸಾಧನವು ಭಾಷಣವನ್ನೂ ಅನುರಣನವನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ. ನೆಲದ ಅಂಚಿನಲ್ಲಿ ಒಂದು ತಂತಿಯ ಸುತ್ತು ಹಾಕಿ ಮೈಕಿನ ಸಂಕೇತವನ್ನು ಅದರಲ್ಲಿ ಹರಿಸಿದರೆ, ಟೆಲಿಕಾಯಿಲ್ (ಕಾಂತ ಸಂಕೇತವನ್ನು ಹಿಡಿಯುವ ಸಣ್ಣ ತಂತಿಸುರುಳಿ) ಇರುವ ಶ್ರವಣ ಸಾಧನಗಳಿಗೆ ಮಾತು ನೇರವಾಗಿ ಕಾಂತಕ್ಷೇತ್ರದ ಮೂಲಕ ತಲುಪುತ್ತದೆ, ಕೋಣೆಯ ಗದ್ದಲ ನಡುವೆ ಬರುವುದೇ ಇಲ್ಲ. ನೆಲಕ್ಕೆ ಟೈಲ್ಸ್ ಹಾಕುವ ಮೊದಲೇ ಈ ತಂತಿ ಹಾಸಿದರೆ ಖರ್ಚು ಅತ್ಯಲ್ಪ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ಹೇಳುತ್ತದೆ. ರ‍್ಯಾಂಪ್ ಕಟ್ಟಿಸುವಾಗ ನೆನಪಾಗುವ ಈ ಕಾಯ್ದೆ ಧ್ವನಿಯ ವಿಷಯದಲ್ಲೂ ನೆನಪಾಗಬೇಕು.

ಇನ್ನು ಅಳತೆಯ ವಿಷಯ. ಮಾತು ಪ್ರಸರಣ ಸೂಚ್ಯಂಕ ಎಂಬುದು ಸೊನ್ನೆಯಿಂದ ಒಂದರವರೆಗಿನ ಒಂದು ಅಂಕಿ. ನೆದರ್ಲೆಂಡ್ಸ್‌ನ ಹೌಟ್‌ಗಾಸ್ಟ್ ಮತ್ತು ಸ್ಟೀನೆಕೆನ್ 1970ರ ದಶಕದಲ್ಲಿ ರೂಪಿಸಿದ ಇದನ್ನು ಐಇಸಿ (ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ) 60268-16 ಮಾನದಂಡ ವಿವರಿಸುತ್ತದೆ. ಮಾತಿನ ಏರಿಳಿತಗಳನ್ನು ಹೋಲುವ ಪರೀಕ್ಷಾ ಸದ್ದನ್ನು ಮೈಕಿನ ಜಾಗದಿಂದ ಬಿಟ್ಟು, ಆ ಏರಿಳಿತಗಳಲ್ಲಿ ಎಷ್ಟು ಪಾಲು ಆಸನದವರೆಗೆ ಅಳಿಯದೆ ಉಳಿದಿದೆ ಎಂದು ನೋಡುವುದು ಇದರ ತತ್ವ. 0.6ಕ್ಕಿಂತ ಮೇಲಿದ್ದರೆ ಉತ್ತಮ, 0.45ಕ್ಕಿಂತ ಕೆಳಗಿದ್ದರೆ ಕಳಪೆ. ಭವನದ ಯಾವ ಆಸನದಲ್ಲೂ, ಫ್ಯಾನು ಕೂಲರುಗಳು ನಡೆಯುತ್ತಿರುವಾಗ, ಈ ಅಂಕಿ 0.5ಕ್ಕಿಂತ ಕೆಳಗೆ ಇಳಿಯಬಾರದು ಎಂಬ ಒಂದು ಸಾಲನ್ನು ಟೆಂಡರಿನಲ್ಲಿ ಸೇರಿಸಿದರೆ ವ್ಯಾಟಿನ ಲೆಕ್ಕವನ್ನು ಗುತ್ತಿಗೆದಾರರೇ ನೋಡಿಕೊಳ್ಳುತ್ತಾರೆ. ಇದನ್ನು ಅಳೆಯುವ ಉಪಕರಣಗಳು ಮಾರುಕಟ್ಟೆಯಲ್ಲಿವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಯೋಜನಾ ಕಾರ್ಯವೂ ಆದೀತು.

ಈಗಾಗಲೇ ಬಳಕೆಯಲ್ಲಿರುವ ಭವನಗಳನ್ನು ಉಪಕರಣವಿಲ್ಲದೆಯೂ ಪರೀಕ್ಷಿಸಬಹುದು. ಒಂದಕ್ಕೊಂದು ಸಂಬಂಧವಿಲ್ಲದ 50 ಕನ್ನಡ ಪದಗಳನ್ನು ಒಬ್ಬರು ಮೈಕಿನಲ್ಲಿ ನಿಧಾನವಾಗಿ ಓದಲಿ, ಕೊನೆಯ ಸಾಲಿನಲ್ಲಿ ಕುಳಿತ ಹತ್ತು ಜನ ಕೇಳಿದ್ದನ್ನು ಕೇಳಿದಂತೆ ಬರೆದುಕೊಳ್ಳಲಿ. ಪದಪಟ್ಟಿಯಲ್ಲಿ ಬೆಳೆ, ಬೆಲೆ, ಸಾಲ, ಕಾಲ, ಹತ್ತಿ, ಬತ್ತಿ ಮುಂತಾದವು ಇರಲಿ. ಬರೆಯುವವರಲ್ಲಿ ಅರವತ್ತು ದಾಟಿದವರು ಅರ್ಧದಷ್ಟಾದರೂ ಇರಲಿ, ಫ್ಯಾನುಗಳನ್ನು ಆರಿಸದಿರಲಿ. ಎಷ್ಟು ಪದ ಸರಿಯಾದವು ಎಂಬುದನ್ನು ಬಾಡಿಗೆಯ ದರಪಟ್ಟಿಯ ಪಕ್ಕದಲ್ಲೇ ಭವನದ ಬಾಗಿಲಿಗೆ ಬರೆದು ಹಾಕಬೇಕೆಂದು ನನ್ನ ವಿನಂತಿ.

ತಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ವಿಭಾಗದ ನಿವೃತ್ತ ಉಪನ್ಯಾಸಕ,
ವಿಜಯಪುರ